ಚೆವಾಪಿ ಯಾಕ ಒಡಿತಾವ?

ಪ್ರಶ್ನೆ: ಅಕ್ಕಾರ, ಬೋಸ್ನಿಯಾದ ಚೆವಾಪಿ, ಅಂದ್ರ ಖೀಮಾದ ಬೆರಳುದ್ದದ ಸುಟ್ಟ ಕಬಾಬ್, ಮನ್ಯಾಗ ಮಾಡಿದ್ವಿ, ಮಟನ್ ಖೀಮಾಕ್ಕ ತತ್ತಿ, ಬ್ರೆಡ್ ಪುಡಿ ಎಲ್ಲಾ ಹಾಕಿದ್ರೂ ಒಡದು ಪುಡಿಪುಡಿ ಆದ್ವು, ಏನ್ ತಪ್ಪಾತ್ರಿ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ತತ್ತಿ, ಬ್ರೆಡ್ ಎರಡೂ ಬ್ಯಾಡ್ರಿ, ಅದು ಕಟ್ಲೆಟ್ ಆಗ್ತೈತಿ. ಮಟನ್ ಅಂಗಡ್ಯಾಗ ಚರಬಿ ತಗಸಬ್ಯಾಡ್ರಿ, ಕಿಲೋಕ್ಕ 200 ಗ್ರಾಂ ಆದ್ರೂ ಇರ್ಲಿ. ಉಪ್ಪು, ಬಳ್ಳೊಳ್ಳಿ, ಒಂದ್ ಸಣ್ಣ ಚಮಚ ತಿನ್ನೋ ಸೋಡಾ ಹಾಕಿ ಅಂಗೈಗೆ ಜಿಗಿಜಿಗಿ ಹತ್ತೂಮಟ ನಾದ್ರಿ, ರಾತ್ರಿಪೂರ್ತಿ ಫ್ರಿಜ್ಜಿನ್ಯಾಗ ಇಡ್ರಿ, ಹಿಡಿಯೂದು ಈ ಜಿಗೀನ, ತತ್ತಿ ಅಲ್ಲ. ಆಮ್ಯಾಲ ಬೆರಳುದ್ದ ಮಾಡಿ ಇದ್ದಲಿ ಕೆಂಡದ ಮ್ಯಾಲ ಸುಡ್ರಿ. ಗರಂ ಮಸಾಲಿ ಹಾಕಬೇಕನಸ್ತೈತಿ, ನಾನೂ ಹಾಕಿದ್ದೆ, ಸೀಖ್ ಕಬಾಬ್ ಆತು ಅಷ್ಟ. ಬೋಸ್ನಿಯಾದ ರಾಜಧಾನಿ ಸರಾಯೆವೊದಾಗ ಸೋಮುನ್ ರೊಟ್ಟಿಯೊಳಗಿಟ್ಟು ಹಸಿ ಉಳ್ಳಾಗಡ್ಡಿ ಜೋಡಿ ಕೊಡ್ತಾರ, ನಮಗ ಪಾವ್ ನಡಿತೈತಿ ಬಿಡ್ರಿ.