ನೆಂಟರಿಗೆ ಹೇಳಿಬಿಡಿ ಅಕ್ಕಾ

ಕಾಪುವಿನ ಓದುಗರೊಬ್ರು ಬರ್ದಿದ್ದಾರೆ: ಶುಗರ್‌ನಿಂದ ಗಂಡನ ಎರಡೂ ಕಿಡ್ನಿ ಫೇಲ್ ಆಗಿ ವಾರಕ್ಕೆ 3 ಸಲ ಡಯಾಲಿಸಿಸ್, ಮಗಳಿಗೆ ಸಂಬಂಧ ನೋಡ್ತಾ ಇರುದ್ರಿಂದ ನೆಂಟರಿಗೆ ಯಾರಿಗೂ ಹೇಳಿಲ್ಲ, ಮಾತಾಡ್ಲಿಕ್ಕೂ ಒಬ್ರಿಲ್ಲ, ಎಂತ ಮಾಡುದು ಅಂತ.

ಸಂಪಾದಕರ ಉತ್ತರ:

ಅಕ್ಕಾ, ಪತ್ರ ಓದಿ ತುಂಬಾ ಸಂಕಟ ಆಯ್ತು. ಮಗಳ ಬಗ್ಗೆ ನಿಮ್ಮ ಹೆದರಿಕೆ ಅರ್ಥ ಆಗ್ತದೆ, ಆದ್ರೂ ನಾನು ಹೇಳುದು, ಮುಚ್ಚಿಡ್ಬೇಡಿ. ಗೊತ್ತಿಲ್ಲದಿದ್ರೆ ಜನ ಪ್ರೀತಿಯಿಂದಲೇ ತೊಂದ್ರೆ ಕೊಡ್ತಾರೆ. ಯಾರ ಮನೆಗೆ ಹೋದ್ರೂ ಮೊದ್ಲು ಸೀಯಾಳ ಕೆತ್ತಿ ಕೈಗೆ ಕೊಡುದು, "ಕುಡೀರಿ, ಕಿಡ್ನಿಗೆ ಒಳ್ಳೇದು" ಅಂತ ಒತ್ತಾಯ ಬೇರೆ. ಕಿಡ್ನಿ ಸರಿ ಇದ್ದವ್ರು ಕುಡೀಲಿ, ನಿಮ್ಮವ್ರಿಗೆ ಅದ್ರ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹಾರ್ಟ್‌ಗೇ ಅಪಾಯ ಆಗ್ಬಹುದು. ಊಟಕ್ಕೆ ಕೂತ್ರೆ ಒಣಮೀನು ಚಟ್ನಿ, ಉಪ್ಪಿನಕಾಯಿ, ಉಪ್ಪು ಹೆಚ್ಚಾದ್ರೆ ಬಾಯಾರಿಕೆ, ಕುಡಿದ ನೀರು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ, ಕಾಲು ಬೀಗ್ತದೆ, ಏದುಸಿರು ಬರ್ತದೆ. ಗಂಜಿತಿಳಿ ಕೂಡ ದಿನಕ್ಕೆ ಇಷ್ಟೇ ಅಂತ ಡಾಕ್ಟ್ರು ಹೇಳಿದ ನೀರಿನ ಲೆಕ್ಕಕ್ಕೇ ಸೇರ್ತದೆ ಅಂತ ನೆಂಟರಿಗೆ ಹೇಗೆ ಗೊತ್ತಾಗ್ಬೇಕು ಹೇಳಿ? ಮೈಕೈ ನೋವು ಅಂದ್ರೆ ಪೇನ್‌ಕಿಲ್ಲರ್ ತಂದು ಕೊಡುವವ್ರೂ ಉಂಟು, ಡಾಕ್ಟ್ರನ್ನು ಕೇಳದೆ ತಗೊಳ್ಲೇಬೇಡಿ.

ಡಯಾಲಿಸಿಸ್‌ಗೆ ಅಂತ ಕೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ್ರೆ ಆ ಕೈಗೆ ಬಿಪಿ ಪಟ್ಟಿ, ಸೂಜಿ ಯಾವುದಕ್ಕೂ ಬಿಡ್ಬೇಡಿ. ದಿನಾ ಬೆರಳಿಟ್ಟು ನೋಡಿ, ಒಳಗೆ ಜುಮ್ಮಂತ ಅದುರ್ತಾ ಇರ್ಬೇಕು. ಅದುರುದು ನಿಂತ್ರೆ ಬೆಳಿಗ್ಗೆ ತನಕ ಕಾಯ್ಬೇಡಿ, ಕೂಡ್ಲೇ ಆಸ್ಪತ್ರೆಗೆ ಫೋನ್ ಮಾಡಿ.

ಮಾತಾಡ್ಲಿಕ್ಕೆ ಯಾರೂ ಇಲ್ಲ ಅಂದ್ರಿ. ಅವ್ರು 4 ಗಂಟೆ ಮಿಷಿನ್‌ನಲ್ಲಿ ಇರುವಾಗ ನೀವು ಹೊರಗೆ ಬೆಂಚಲ್ಲಿ ಕೂತಿರ್ತೀರಲ್ಲಾ, ಪಕ್ಕದಲ್ಲಿ ಕೂತವ್ರೂ ಯಾರದ್ದೋ ಹೆಂಡ್ತಿ, ಯಾರದ್ದೋ ಅಮ್ಮ, ವಾರ ವಾರ ಅದೇ ಮುಖಗಳು. ನೀವೇ ಮೊದ್ಲು ಮಾತಾಡಿಸಿ, ನಂಬರ್ ತಗೊಳ್ಳಿ. ಪೊಟ್ಯಾಸಿಯಂ ಕಮ್ಮಿ ಆಗ್ಲಿಕ್ಕೆ ತರಕಾರಿ ತುಂಡು ಮಾಡಿ ಬೇಯಿಸಿ ನೀರು ಚೆಲ್ಲುದು ಹೇಗೆ, ಡಯಾಲಿಸಿಸ್ ಆದ ರಾತ್ರಿ ಗಂಡ ಸುಮ್ನೆ ರೇಗಿದ್ರೆ ಎಂತ ಮಾಡುದು, ಇದೆಲ್ಲ ಅವ್ರಿಗೆ ಗೊತ್ತುಂಟು. ನಿಮಗೆ ಅಳು ಬಂದ್ರೂ ಅವ್ರೆದುರು ನಾಚಿಕೆ ಬೇಡ.

ದುಡ್ಡಿನ ವಿಷಯ: ಬಿಪಿಎಲ್ ಕಾರ್ಡ್ ಇದ್ರೆ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಬಡವರಿಗೆ ಉಚಿತ. ಕಿಡ್ನಿ ಕಸಿ ಆಗ್ಬಹುದಾ ಅಂತಲೂ ಡಾಕ್ಟ್ರ ಹತ್ರ ಕೇಳಿ, ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ವೇಟಿಂಗ್ ಲಿಸ್ಟ್‌ಗೆ ಆಸ್ಪತ್ರೆ ಮೂಲಕ ಹೆಸರು ಹಾಕಿಸ್ಬೇಕು.

ಇನ್ನು ಮಗಳು. ಪಾಲಿಸಿಸ್ಟಿಕ್ ಕಿಡ್ನಿ ಅಂತ, ಕಿಡ್ನಿ ತುಂಬಾ ನೀರುಗುಳ್ಳೆ ಆಗುವ ಕಾಯಿಲೆ ಒಂದುಂಟು, ಅದು ಅಪ್ಪ ಅಮ್ಮನಿಂದ ಮಕ್ಕಳಿಗೆ ಬರ್ತದೆ. ನಿಮ್ಮವ್ರದ್ದು ಅದಲ್ಲ, ಶುಗರ್‌ನಿಂದ ಆದದ್ದು. ಮಗಳು ವರ್ಷಕ್ಕೊಮ್ಮೆ ಶುಗರ್, ಬಿಪಿ ಚೆಕ್ ಮಾಡಿಸ್ಲಿ. ಹುಡುಗನ ಮನೆಯವ್ರು ಕೇಳಿದ್ರೆ ಇದನ್ನೇ ನೇರ ಹೇಳಿ, ಬೇಕಾದ್ರೆ ಡಾಕ್ಟ್ರ ಹತ್ರವೇ ಮಾತಾಡ್ಲಿಕ್ಕೆ ಕರ್ಕೊಂಡು ಹೋಗಿ.