ರಕ್ತದ ಆ್ಯಂಟಿಬಾಡಿ ನೋಡಿ ಎಚ್‌ಐವಿ ಉಪಪ್ರಕಾರ ಹೇಳಬಹುದೇ?

ಪ್ರಶ್ನೆ: ಗದಗದಲ್ಲಿ ಎಂ.ಎಸ್ಸಿ. ಸೂಕ್ಷ್ಮಜೀವಶಾಸ್ತ್ರ ಓದುತ್ತಿದ್ದೇನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಎಚ್‌ಐವಿ ಪಾಸಿಟಿವ್ ಸೀರಂಗಳಲ್ಲಿ (ರಕ್ತದ ತಿಳಿ ಭಾಗ) ಯಾವ ಉಪಪ್ರಕಾರ ಎಷ್ಟಿದೆ ಎಂದು ಎಲೈಸಾದಿಂದಲೇ (ಆ್ಯಂಟಿಬಾಡಿಯನ್ನು ಬಣ್ಣದಿಂದ ತೋರಿಸುವ ಪರೀಕ್ಷೆ) ಕಂಡುಹಿಡಿಯಬಹುದೇ? ವೈರಸ್ಸಿನ ಜೀನುಗಳನ್ನೇ ಓದುವ ಸೀಕ್ವೆನ್ಸಿಂಗ್‌ಗೆ ದುಡ್ಡು ಸಾಲದು.

ಉತ್ತರ: ಮೊದಲ ಸೋಸುವಿಕೆಗೆ ಎಲೈಸಾ ಸಾಕು, ಅಂತಿಮ ತೀರ್ಪಿಗೆ ಸಾಲದು. ವೈರಸ್ಸಿನ ಹೊರಕವಚದ ಜಿಪಿ120 ಪ್ರೋಟೀನಿನಲ್ಲಿ ವಿ3 ಎಂಬ ಸುಮಾರು 35 ಅಮೈನೋ ಆಮ್ಲಗಳ ಕುಣಿಕೆಯಿದೆ. ಉಪಪ್ರಕಾರ ಬದಲಾದಂತೆ ಇದೂ ಬದಲಾಗುವುದರಿಂದ, ಎ, ಬಿ, ಸಿ, ಡಿ, ಇ ಇವುಗಳ ವಿ3 ಪೆಪ್ಟೈಡ್‌ಗಳನ್ನು (ಪ್ರೋಟೀನಿನ ಸಣ್ಣ ತುಂಡುಗಳು) ಕೃತಕವಾಗಿ ಮಾಡಿಸಿ ಪರೀಕ್ಷೆಗೆ ಬಳಸುತ್ತಾರೆ.

ಬರೀ ಒಂದೊಂದು ಪೆಪ್ಟೈಡ್ ಲೇಪಿಸಿ ಹೋಲಿಸಿದರೆ ಒಂದೇ ಸೀರಂ ಪರೀಕ್ಷಾ ಪ್ಲೇಟಿನ ಎರಡು-ಮೂರು ಬಾವಿಗಳಲ್ಲಿ (ಪುಟ್ಟ ಗುಳಿಗಳಲ್ಲಿ) ಬಣ್ಣ ಕೊಟ್ಟುಬಿಡುತ್ತದೆ. ಅದಕ್ಕೆ ತಡೆ ವಿಧಾನವೇ ಮೇಲು. 96 ಬಾವಿಗಳ ಪ್ಲೇಟಿಗೆ ಐದೂ ಪೆಪ್ಟೈಡ್‌ಗಳ ಸಮಪಾಲು ಮಿಶ್ರಣವನ್ನು ಪಿಎಚ್ 9.6ರ ಕಾರ್ಬೊನೇಟ್ ಬಫರಿನಲ್ಲಿ 4 ಡಿಗ್ರಿಯಲ್ಲಿ ರಾತ್ರಿಯಿಡೀ ಲೇಪಿಸಿ. 1:100 ತೆಳುಮಾಡಿದ ಸೀರಂಗೆ ಒಂದೊಂದು ಬಾವಿಯಲ್ಲಿ ಒಂದೊಂದು ಪೆಪ್ಟೈಡನ್ನು ಹೇರಳವಾಗಿ ಬೆರೆಸಿ. ಒಂದು ಬಾವಿಯಲ್ಲಿ ಏನೂ ಬೇಡ. ಬೆರೆಸಿದ ಪೆಪ್ಟೈಡ್ ತನಗೆ ಹೊಂದುವ ಆ್ಯಂಟಿಬಾಡಿಯನ್ನು ಹಿಡಿದಿಡುತ್ತದೆ, ಆದ್ದರಿಂದ ಯಾವ ಪೆಪ್ಟೈಡ್ ಬೆರೆಸಿದಾಗ 'ಓಡಿ' (ಬಣ್ಣದ ಗಾಢತೆಯ ಅಳತೆ) ಅತಿ ಹೆಚ್ಚು ಇಳಿಯುತ್ತದೋ ಅದೇ ಸೀರೋಟೈಪ್, ಅಂದರೆ ಆ್ಯಂಟಿಬಾಡಿ ಸೂಚಿಸುವ ಉಪಪ್ರಕಾರ. ಏನೂ ಬೆರೆಸದ ಬಾವಿಯಲ್ಲೇ ಬಣ್ಣ ಮಂಕಾಗಿದ್ದರೆ 'ವರ್ಗೀಕರಿಸಲಾಗದು' ಎಂದು ಬರೆಯಿರಿ, ಊಹಿಸಿ ತುಂಬಬೇಡಿ. ಸೋಂಕು ಹೊಸದಿದ್ದಾಗ, ರೋಗ ತೀರಾ ಮುಂದುವರಿದಾಗ ಹೀಗಾಗುತ್ತದೆ. ಸೀರಂ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೂ ಅಷ್ಟೇ. 18 ತಿಂಗಳೊಳಗಿನ ಮಕ್ಕಳ ಮಾದರಿ ಸೇರಿಸಬೇಡಿ, ಅಲ್ಲಿ ಕಾಣುವುದು ತಾಯಿಯ ಆ್ಯಂಟಿಬಾಡಿ.

ನಿಮಗೆ ನಿಜವಾದ ತೊಡಕು ಬೇರೆ. 1990ರ ದಶಕದ ಥಾಯ್ಲೆಂಡಿನಲ್ಲಿ ಬಿ ಮತ್ತು ಇ ಎರಡೇ ಮುಖ್ಯವಾಗಿದ್ದವು, ಅವುಗಳ ವಿ3 ಚೆನ್ನಾಗಿ ಬೇರೆ, ಪರೀಕ್ಷೆ ಫಲಿಸಿತು. ನಮ್ಮಲ್ಲಿ ಬಹುಪಾಲು ಸಿ. ಅದರ ವಿ3 ತುದಿ ಎ ತುದಿಯಂತೆಯೇ ಇರುವುದರಿಂದ ಇವೆರಡೂ ಸುಲಭವಾಗಿ ಅದಲುಬದಲಾಗುತ್ತವೆ. ಲೆಕ್ಕ ಹಾಕಿ ನೋಡಿ: ನಿಮ್ಮ 200 ಮಾದರಿಗಳೂ ಸಿ ಆಗಿದ್ದು, ಪರೀಕ್ಷೆ ನೂರಕ್ಕೆ 5 ತಪ್ಪಿದರೆ, ಇಲ್ಲದ 10 'ಬೇರೆ ಉಪಪ್ರಕಾರ' ಹುಟ್ಟಿಕೊಳ್ಳುತ್ತವೆ. ಎರಡು ಉಪಪ್ರಕಾರಗಳ ಜೀನುಗಳು ಬೆರೆತ ಮಿಶ್ರತಳಿಗಳಂತೂ ಸಿಗುವುದೇ ಇಲ್ಲ, ಏಕೆಂದರೆ ನೀವು ನೋಡುವುದು ಜೀನೋಮಿನ ಒಂದು ಚೂರನ್ನು ಮಾತ್ರ.

ಆದ್ದರಿಂದ ಸಿ ಅಲ್ಲದ ಮತ್ತು ವರ್ಗೀಕರಿಸಲಾಗದ ಎಲ್ಲ ಮಾದರಿಗಳನ್ನೂ, ಜೊತೆಗೆ ಸಿ ಎಂದು ಬಂದವುಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನೂ ಸೀಕ್ವೆನ್ಸಿಂಗ್‌ಗೆ ಕಳಿಸಿ. ಖರ್ಚು ಅಲ್ಲಿಗೆ ಸೀಮಿತವಾಗುತ್ತದೆ. ಮೊದಲು, ಉಪಪ್ರಕಾರ ಖಚಿತವಾಗಿ ಗೊತ್ತಿರುವ ಮಾದರಿಗಳ ಮೇಲೆ, ಗುರುತು ಮುಚ್ಚಿಟ್ಟು, ನಿಮ್ಮ ಎಲೈಸಾವನ್ನು ಪರೀಕ್ಷಿಸಿ. ಉಳಿದ ಸೀರಂ ಬಳಸಲೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಹೆಸರು, ಊರು ಗುರುತಾಗುವ ಯಾವ ವಿವರವೂ ನಿಮ್ಮ ಪಟ್ಟಿಗೆ ಬರಬಾರದು. ಸಣ್ಣ ಊರುಗಳಲ್ಲಿ ಒಂದು ಸುಳಿವೇ ಒಂದು ಮನೆಯನ್ನು ಹಾಳುಮಾಡೀತು.

ಪ್ರಶ್ನೆ: ಅಣ್ಣನ ರಿಪೋರ್ಟಿನಲ್ಲಿ 'ಎಚ್‌ಐವಿ-1' ಎಂದಿದೆ. ಇದೇ ಉಪಪ್ರಕಾರವೇ? ಔಷಧಿ ಬೇರೆಯಾಗುತ್ತದೆಯೇ? (ಹಾವೇರಿ)

ಉತ್ತರ: ಅಲ್ಲ. 1 ಮತ್ತು 2 ಮೂಲ ಪ್ರಕಾರಗಳು. ಎ, ಬಿ, ಸಿ ಇತ್ಯಾದಿ ಎಚ್‌ಐವಿ-1ರ ಒಳಗಿನ ಕವಲುಗಳು. ಸಿ ಇದ್ದರೂ ಬಿ ಇದ್ದರೂ ಈಗ ಕೊಡುವ ಟಿನೋಫೋವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮಾತ್ರೆ ಕೆಲಸ ಮಾಡುತ್ತದೆ. ಎಚ್‌ಐವಿ-2 ಆಗಿದ್ದರೆ ಮಾತ್ರ ವೈದ್ಯರಿಗೆ ಆ ಮಾತು ಮುಖ್ಯ: ನೆವಿರಾಪಿನ್, ಎಫಾವಿರೆಂಜ್ ಎಂಬ ಔಷಧಿಗಳು ಅದಕ್ಕೆ ನಾಟುವುದಿಲ್ಲ. ಉಪಪ್ರಕಾರದ ಪರೀಕ್ಷೆಗೆ ದುಡ್ಡು ಸುರಿಯದೆ ಅಣ್ಣನನ್ನು ಬೇಗ ಸರ್ಕಾರಿ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರಕ್ಕೆ ಕರೆದೊಯ್ಯಿರಿ, ಔಷಧಿ ಉಚಿತ. ಏನಾದರೂ ಕೇಳುವುದಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ.