ಹಾಸನದಲ್ಲಿ ಓದುವುದು ಹೇಗಿರುತ್ತದೆ: ಕಾಸರಗೋಡಿನ ಹುಡುಗಿಯ ಉತ್ತರ

ಮಗಳಿಗೆ ಹಾಸನದಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಆ ಊರಲ್ಲಿ ಏನಿದೆ, ಬೆಂಗಳೂರಲ್ಲಿ ಬೆಳೆದ ಹುಡುಗಿಗೆ ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ನಾನು ಹಾಸನದವಳಲ್ಲ. ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದ ಕಡೆ. ಆದರೆ ಓದಿದ್ದು ಹಾಸನದಲ್ಲಿ. ಮನೆ ಬಿಟ್ಟು ಬಂದು, ಬಾಡಿಗೆ ಕೋಣೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದೂ ಅಲ್ಲೇ. ಆ ಊರಿನ ಬಗ್ಗೆ ಎರಡು ಮಾತಲ್ಲಿ ಮುಗಿಸಲು ನನಗೆ ಬರುವುದಿಲ್ಲ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ಮೊದಲು ಹಾಸನಕ್ಕೆ ಹೋಗಿದ್ದು ಅಣ್ಣನನ್ನು ನೋಡಲು. ಅಣ್ಣ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ. 1960ರಲ್ಲಿ ಶುರುವಾದ ಕಾಲೇಜು, ಸಾಲಗಾಮೆ ರಸ್ತೆಯಲ್ಲಿದೆ, ಊರವರೆಲ್ಲ ಎಂಸಿಇ ಅನ್ನುತ್ತಾರೆ. ಆಗ ಮಂಗಳೂರಿನಿಂದ ಹಾಸನಕ್ಕೆ ರೈಲು ಇರಲಿಲ್ಲ. ಮೀಟರ್ ಗೇಜ್ ಹಳಿ ತೆಗೆದು ಬ್ರಾಡ್ ಗೇಜ್ ಹಾಕುವ ಕೆಲಸ ವರ್ಷಗಟ್ಟಲೆ ನಡೆಯುತ್ತಲೇ ಇತ್ತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಹಾಗಾಗಿ ಅಪ್ಪ, ಅಮ್ಮ, ನಾನು ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋಗುತ್ತಿದ್ದೆವು. ಅಮ್ಮನ ಚೀಲದಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಒಂದು ಬಾಟಲಿ ತೆಂಗಿನೆಣ್ಣೆ ಇದ್ದೇ ಇರುತ್ತಿತ್ತು. ಉಪ್ಪಿನಂಗಡಿ ದಾಟುವವರೆಗೆ ಬೆವರು. ಸಕಲೇಶಪುರ ಬರುವಷ್ಟರಲ್ಲಿ ಅಮ್ಮ ಕಿಟಕಿಯ ಗಾಜು ಎಳೆದು ಸೆರಗು ಹೊದ್ದುಕೊಳ್ಳುತ್ತಿದ್ದರು.

ಆ ಮೊದಲ ಸಲ ಹಾಸನ ಬಸ್ ಸ್ಟ್ಯಾಂಡಲ್ಲಿ ಇಳಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬೋರ್ಡುಗಳು. ನಿಮಗೆ ಇದು ವಿಚಿತ್ರ ಅನಿಸಬಹುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತುಳು. ಆದರೆ ಬಸ್ಸಿನ ಬೋರ್ಡು, ಆಫೀಸಿನ ನೋಟಿಸು ಹೆಚ್ಚಿನದೂ ಮಲಯಾಳಂ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿದರೂ ಅದು ಆಗಲಿಲ್ಲ. ಅಕ್ಕಪಕ್ಕದ ಮಲಯಾಳಿಗಳ ಜೊತೆ ನಮಗೆ ಜಗಳ ಏನೂ ಇಲ್ಲ, ಅವರ ಮನೆಯ ಓಣಂ ಊಟ ಉಂಡೇ ದೊಡ್ಡವಳಾದೆ. ಆದರೆ ಅಪ್ಪ ಒಂದು ಫಾರಂ ಹಿಡಿದುಕೊಂಡು, ಇದರಲ್ಲಿ ಎಂತ ಬರೆದಿದೆ ಅಂತ ಬೇರೆಯವರ ಹತ್ತಿರ ಕೇಳುವುದನ್ನು ನೋಡುತ್ತಾ ಬೆಳೆದ ಮಗುವಿಗೆ, ಒಂದು ಇಡೀ ಊರು ಕನ್ನಡದಲ್ಲೇ ಬರೆದುಕೊಂಡಿರುವುದು ಸಣ್ಣ ಸಂಗತಿಯಲ್ಲ. ಅರಸೀಕೆರೆ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ. ಬಸ್ಸಿನ ಬೋರ್ಡು, ಔಷಧಿ ಅಂಗಡಿ, ಗೋಡೆಗೆ ಹಚ್ಚಿದ್ದ ನೀರಿನ ಕಂದಾಯದ ನೋಟಿಸು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಾ ನಡೆದೆ. ಅಪ್ಪ ಸುಮ್ಮನಿರು ಅನ್ನಲಿಲ್ಲ. ತಾವೂ ಓದುತ್ತಿದ್ದರು.

ಮುಂದೆ ಪಿಯುಸಿ ಮುಗಿದಾಗ ನಾನು ಹಾಸನವೇ ಬೇಕು ಅಂದೆ. ಕೇರಳದ ಕಾಸರಗೋಡು, ಹೊಸದುರ್ಗ ಕಡೆಯವರಿಗೆ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದವರಿಗೆ, ಮನೆಮಾತು ಕನ್ನಡವೋ ತುಳುವೋ ಕೊಡವವೋ ಆಗಿದ್ದರೆ, ಗಡಿನಾಡು ಕನ್ನಡಿಗರು ಅಂತ ಸಿಇಟಿಯಲ್ಲಿ ಅವಕಾಶ ಇದೆ. ನಾನು ಬಂದದ್ದು ಆ ದಾರಿಯಲ್ಲಿ.

ಮೊದಲ ವರ್ಷ ಹಾಸ್ಟೆಲ್. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹಾಸ್ಟೆಲ್ ಎಲ್ಲ ಕಡೆಯೂ ಹಾಸ್ಟೆಲ್ಲೇ. ಆಮೇಲೆ ಮೂವರು ಹುಡುಗಿಯರು ಸೇರಿ ಸಾಲಗಾಮೆ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗೆ ಒಂದು ಮನೆಯ ಮಹಡಿ ಹಿಡಿದೆವು. ಒಬ್ಬಳು ಅಕ್ಕಲಕೋಟೆ ಕಡೆಯವಳು, ಇನ್ನೊಬ್ಬಳು ಅರಕಲಗೂಡಿನ ರೈತರ ಮಗಳು. ಕೆಳಗೆ ಓನರ್ ಆಂಟಿ. ನೀವು ಮಗಳಿಗೆ ಜಾಗ ಹುಡುಕುವಾಗ ಕೋಣೆಗಿಂತ ಮೊದಲು ಆಂಟಿಯನ್ನು ನೋಡಿ ಅನ್ನುತ್ತೇನೆ ನಾನು. ಹಾಸನದಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಕಾಲೇಜಿನ ಕಾಂಪೌಂಡ್ ಒಳಗಿನವರಷ್ಟೇ ಅಲ್ಲ, ಹೊರಗಿನವರೂ ನೋಡಿಕೊಳ್ಳುತ್ತಾರೆ. ಮೆಸ್ಸಿನವರು, ಜೆರಾಕ್ಸ್ ಅಂಗಡಿಯವರು, ಸಂಜೆ ಗಾಡಿಯಲ್ಲಿ ಜೋಳ ಸುಡುವವರು, ಎಲ್ಲರಿಗೂ ನಾವು ಯಾವ ಊರಿನವರು, ಇಂಟರ್ನಲ್ಸ್ ಯಾವಾಗ ಅಂತ ಗೊತ್ತಿರುತ್ತಿತ್ತು. ನನಗೆ ಜ್ವರ ಬಂದು ಎರಡು ದಿನ ಕಾಣಿಸದೇ ಇದ್ದಾಗ ಜೆರಾಕ್ಸ್ ಅಂಗಡಿಯಣ್ಣ ಗೆಳತಿಯರ ಕೈಯಲ್ಲಿ ನೋಟ್ಸ್ ಕಳಿಸಿದ್ದರು, ದುಡ್ಡು ಆಮೇಲೆ ಕೊಡಲಿ ಅಂತ.

ಆಂಟಿ ಬೆಳಗ್ಗೆ ಐದಕ್ಕೇ ಹಿತ್ತಲಲ್ಲಿ ಹಂಡೆಗೆ ಒಲೆ ಹಚ್ಚುತ್ತಿದ್ದರು. ಡಿಸೆಂಬರ್ ಚಳಿ, ನಾನೋ ಸೆಖೆಯ ಊರಿನಿಂದ ಬಂದವಳು, ಕಂಬಳಿಯಿಂದ ಕೈ ಹೊರಗೆ ಹಾಕಲೂ ಆಗುತ್ತಿರಲಿಲ್ಲ. ಕೆಳಗಿನಿಂದ ಕೂಗು ಬರುತ್ತಿತ್ತು, "ನೀರು ಕಾದೈತೆ ಬನ್ರವ್ವ, ಆರೋಯ್ತದೆ." ತೆಂಗಿನ ಮಟ್ಟೆಯ ಹೊಗೆ ಮೆಟ್ಟಿಲವರೆಗೂ ಬರುತ್ತಿತ್ತು. ಬಕೆಟ್ ಹಿಡಿದು ಸರದಿ ನಿಂತಾಗ ಒಲೆಯ ಮುಂದೆ ಕೈ ಕಾಯಿಸಿಕೊಳ್ಳುವುದೇ ಒಂದು ಸುಖ. ಹಾಸನವನ್ನು ಬಡವರ ಊಟಿ ಅನ್ನುತ್ತಾರೆ, ಆ ಮಾತು ನಿಜ ಅಂತ ಅಲ್ಲಿ ನಿಂತಾಗ ಗೊತ್ತಾಗುತ್ತಿತ್ತು. ಮಗಳಿಗೆ ಒಳ್ಳೆಯ ಸ್ವೆಟರ್ ಒಂದು ಕೊಡಿಸಿ ಕಳಿಸಿ.

ಮುದ್ದೆ ಮಾಡುವುದನ್ನು ನಾನು ಹತ್ತಿರದಿಂದ ನೋಡಿದ್ದೂ ಆ ಮನೆಯಲ್ಲೇ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು, ಕಲಕದೇ, ಹಾಗೇ ಬೇಯಲು ಬಿಡುತ್ತಿದ್ದರು. ಆಮೇಲೆ ಪಾತ್ರೆ ನೆಲಕ್ಕಿಳಿಸಿ, ಕವೆಗೋಲನ್ನು ಪಾದದಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು ತಿರುವುವುದು. ಭುಜದಿಂದ ಬಲ ಬರಬೇಕು. ಒಂದು ಗಂಟೂ ಉಳಿಯಬಾರದು. ಒದ್ದೆ ಕೈಯಲ್ಲಿ ಬಿಸಿ ಬಿಸಿ ಉಂಡೆ ಕಟ್ಟಿ ತಟ್ಟೆಗಿಟ್ಟು, ಪಕ್ಕದಲ್ಲಿ ಸೊಪ್ಪಿನ ಸಾರು ಬಿಡುತ್ತಿದ್ದರು. ಕುಚ್ಚಲಕ್ಕಿ ಅನ್ನ ಅಗಿದು ಉಂಡ ಬಾಯಿಗೆ, ಅಗಿಯದೇ ನುಂಗಬೇಕು ಅನ್ನುವುದೇ ಹೊಸದು. ಅರಕಲಗೂಡಿನವಳು ಪಕ್ಕದಲ್ಲಿ ಕೂತು ಹೇಳಿಕೊಟ್ಟಳು: ಸಣ್ಣ ತುತ್ತು ಮುರಿ, ಸಾರಲ್ಲಿ ಅದ್ದು, ನಾಲಿಗೆ ಮೇಲಿಟ್ಟು ಬಿಟ್ಟುಬಿಡು. ಅಕ್ಕಲಕೋಟೆಯವಳ ಅಮ್ಮ ಕಳಿಸುತ್ತಿದ್ದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮ ಕೋಣೆಯಲ್ಲಿ ಸದಾ ಇರುತ್ತಿತ್ತು. ಒಂದು ರಾತ್ರಿ ಮಾತಾಡುತ್ತಾ ಗೊತ್ತಾಯಿತು, ಆಫೀಸಿನಲ್ಲಿ ಫಾರಂ ಓದಿಸಿಕೊಳ್ಳಲು ಅವಳ ಅಪ್ಪನೂ ಯಾರನ್ನೋ ಕಾಯುತ್ತಾರೆ, ಅಲ್ಲಿ ಮರಾಠಿ ಅಷ್ಟೇ. ಆ ರಾತ್ರಿ ನಾವಿಬ್ಬರೂ ತುಂಬಾ ಹೊತ್ತು ಮಲಗಲಿಲ್ಲ.

ಕ್ಯಾಂಪಸ್ ಬಗ್ಗೆ ಕೇಳಿದಿರಿ ಅಲ್ವಾ. ಲ್ಯಾಬ್, ಲೈಬ್ರರಿ, ಪರೀಕ್ಷೆ, ಇವೆಲ್ಲ ಮಗಳು ಹೋದ ಮೇಲೆ ತಾನೇ ತಿಳಿದುಕೊಳ್ಳುತ್ತಾಳೆ. 2007ರಿಂದ ಎಂಸಿಇಗೆ ಸ್ವಾಯತ್ತತೆ ಇದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿದ್ದರೂ ಪರೀಕ್ಷೆ, ಪಠ್ಯ ಅವರದೇ. ನನಗೆ ಇಷ್ಟವಾಗಿದ್ದು ನಾಲ್ಕೂವರೆಯ ನಂತರದ ಹೊತ್ತು. ಕ್ಲಾಸ್ ಬಿಟ್ಟು ಕ್ಯಾಂಟೀನಿನಲ್ಲಿ ಟೀ ಕುಡಿದು, ರೆಕಾರ್ಡ್ ಬುಕ್ ಎದೆಗೆ ಒತ್ತಿಕೊಂಡು ಸಾಲಗಾಮೆ ರಸ್ತೆಯಲ್ಲಿ ನಡೆಯುವುದು. ಇದೇ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಲ್ಲಿ ಶುರುವಾದದ್ದು. ಇನ್ಸಾಟ್ ಉಪಗ್ರಹಗಳು ರಾಕೆಟ್ಟಿನಿಂದ ಬೇರೆಯಾದ ಮೇಲೆ ಅವುಗಳನ್ನು ಸರಿಯಾದ ಕಕ್ಷೆಗೆ ತಂದು ನಿಲ್ಲಿಸಿ ವರ್ಷಗಟ್ಟಲೆ ನೋಡಿಕೊಳ್ಳುವ ಜಾಗ ಅದು. ಕ್ಲಾಸಿನಲ್ಲಿ ಆಂಟೆನಾ ಪಾಠ ಕೇಳಿ ಬಂದವರಿಗೆ, ನಮ್ಮ ರಸ್ತೆಯಲ್ಲೇ ದೊಡ್ಡ ದೊಡ್ಡ ಡಿಶ್ಶುಗಳು ಆಕಾಶ ನೋಡುತ್ತಾ ಕೂತಿವೆ ಅನ್ನುವುದೇ ಹೆಮ್ಮೆ. ನಮ್ಮೂರಲ್ಲಿ ಟಿವಿ ಸಿಗ್ನಲ್ ಹೋದಾಗ ಅಮ್ಮ ಫೋನ್ ಮಾಡಿ, ನಿಮ್ಮ ಹಾಸನದವರಿಗೆ ಸ್ವಲ್ಪ ಹೇಳು ಮಗಾ ಅನ್ನುತ್ತಿದ್ದರು.

ಆಲೂಗೆಡ್ಡೆಯ ಬಗ್ಗೆ ಹೇಳದೆ ಹಾಸನದ ಕಾಲೇಜು ಜೀವನ ಹೇಳಲು ಆಗುವುದಿಲ್ಲ. ಮೇ ತಿಂಗಳಲ್ಲಿ ಎಪಿಎಂಸಿ ಕಡೆ ಹೋದರೆ ಪಂಜಾಬಿನ ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಯ ಮೂಟೆಗಳು, ಟ್ರ್ಯಾಕ್ಟರು, ಸರದಿಯಲ್ಲಿ ನಿಂತ ರೈತರು. ಮುಂಗಾರು ಹನಿಯುತ್ತಿದ್ದ ಹಾಗೆ ಬಿತ್ತನೆ, ಆಗಸ್ಟ್–ಸೆಪ್ಟೆಂಬರ್‌ಗೆ ಕೀಳುವುದು. ನಮ್ಮ ಕ್ಲಾಸಿನ ಎಷ್ಟೋ ಜನರ ಫೀಸು ಆ ರೇಟಿನ ಮೇಲೆ ನಿಂತಿತ್ತು. ಗೆಡ್ಡೆ ಕೀಳುವ ಹೊತ್ತಿಗೆ ಹಿಂದಿನ ಬೆಂಚು ಖಾಲಿ, ಹುಡುಗರು ಊರಿಗೆ ಹೋಗಿರುತ್ತಿದ್ದರು, ವಾರದ ನಂತರ ಉಗುರಲ್ಲಿ ಮಣ್ಣು ಇಟ್ಟುಕೊಂಡೇ ಲ್ಯಾಬಿಗೆ ಬರುತ್ತಿದ್ದರು. ನಮ್ಮ ಕೋಣೆಯವಳ ಮನೆಯಲ್ಲಿ ಒಂದು ವರ್ಷ ಬೆಳೆಗೆ ಅಂಗಮಾರಿ ರೋಗ ಬಿತ್ತು. ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿದರೆ ಸಾಕು, ಎಲೆ ಸುಟ್ಟ ಹಾಗೆ ಕಪ್ಪಾಗಿ, ಕೆಲವೇ ದಿನಕ್ಕೆ ಹೊಲವೆಲ್ಲ ಹೋಗುತ್ತದೆ. ಆ ಸೆಮಿಸ್ಟರ್ ಅವಳು ಮೆಸ್ ಬಿಟ್ಟಳು. ಆಂಟಿ ಏನೂ ಕೇಳದೇ ಎರಡು ಹೊತ್ತು ಕೆಳಗೆ ಊಟಕ್ಕೆ ಕರೆದರು, ಬಾಡಿಗೆಯ ಮಾತೂ ಎತ್ತಲಿಲ್ಲ. ಈಗ ಆ ಕಡೆ ತುಂಬಾ ಜನ ಮುಸುಕಿನ ಜೋಳ, ಶುಂಠಿಗೆ ಹೋಗಿದ್ದಾರೆ.

ಭಾನುವಾರ ಎಲ್ಲಿಗೆ ಹೋಗುವುದು ಅಂತ ಕೇಳಿದ್ದೀರಿ. ಮಾಲ್ ಸುತ್ತುವ ಅಭ್ಯಾಸ ಇದ್ದರೆ ಸ್ವಲ್ಪ ಕಷ್ಟ. ಸುಮ್ನೆ ಕೂರಲು ಮಹಾರಾಜ ಪಾರ್ಕ್ ಇದೆ, ತರಕಾರಿಗೆ ಕಟ್ಟಿನಕೆರೆ ಮಾರ್ಕೆಟ್. ಬೇಲೂರು, ಹಳೇಬೀಡು ಹೇಗೂ ನೋಡುತ್ತಾಳೆ, 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಎಲ್ಲರೂ ಹೋಗುತ್ತಾರೆ. ನಾನು ಹೇಳುವುದು ದೊಡ್ಡಗದ್ದವಳ್ಳಿ. ಬೇಲೂರು ಬಸ್ಸಿನಲ್ಲಿ ಕೂತು ನಡುವೆ ಇಳಿದು ಒಳಗೆ ನಡೆಯಬೇಕು. ಹನ್ನೆರಡನೇ ಶತಮಾನದ ಆರಂಭದ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತಲೂ ಸ್ವಲ್ಪ ಹಳೆಯದು, ನಾಲ್ಕು ಗರ್ಭಗುಡಿ, ಪಕ್ಕದಲ್ಲೇ ಕೆರೆ. ಒಳಗೆ ಕಾಳಿಯ ಗುಡಿಯ ಬಾಗಿಲ ಎರಡೂ ಕಡೆ ಎಲುಬು ಎದ್ದ ಬೇತಾಳಗಳು ನಿಂತಿವೆ, ಬೆಳಕು ಕಮ್ಮಿ, ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಪರೀಕ್ಷೆ ಮುಗಿದ ದಿನ ನಾವು ಪುಳಿಯೋಗರೆ ಕಟ್ಟಿಕೊಂಡು ಅಲ್ಲಿಗೆ ಹೋಗಿ ಕೆರೆ ಏರಿ ಮೇಲೆ ಕೂತು ತಿನ್ನುತ್ತಿದ್ದೆವು. ಇನ್ನೂ ಹತ್ತಿರ ಬೇಕಾದರೆ ಮೊಸಳೆ ಅನ್ನುವ ಹಳ್ಳಿ, ಅಲ್ಲಿ ಒಂದೇ ಥರದ ಎರಡು ಹೊಯ್ಸಳ ಗುಡಿ ಅಕ್ಕಪಕ್ಕ ಇವೆ. ಬಸ್ ಖರ್ಚಿನ ಚಿಂತೆಯೂ ಈಗ ಇಲ್ಲ, 2023ರ ಜೂನ್‌ನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ಇಲ್ಲ ಅಲ್ವಾ. ನಾವಿದ್ದಾಗ ಚಿಲ್ಲರೆ ಎಣಿಸಿ ಹೋಗುತ್ತಿದ್ದೆವು.

ಹಾಸನಾಂಬೆಯ ಜಾತ್ರೆ ಹೊತ್ತಿಗೆ ಊರು ಬೇರೆಯೇ ಆಗುತ್ತದೆ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ, ಅರಸು ಮನೆತನದವರು ಬಾಳೆ ಕಂದು ಕಡಿದ ಮೇಲೆ ಗರ್ಭಗುಡಿಯ ಬಾಗಿಲು ತೆಗೆಯುತ್ತಾರೆ, ದೀಪಾವಳಿ ಕಳೆದ ಮೇಲೆ ಮುಚ್ಚಿದರೆ ಮತ್ತೆ ಮುಂದಿನ ವರ್ಷವೇ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಹೂವು ಬಾಡಿರುವುದಿಲ್ಲ ಅನ್ನುವುದು ಊರವರ ನಂಬಿಕೆ. ಒಳಗೆ ದೇವಿ ಇರುವುದು ಹುತ್ತದ ರೂಪದಲ್ಲಿ. ಅಮ್ಮ ಒಂದು ವರ್ಷ ರೈಲಿನಲ್ಲಿ ಬಂದರು. ಸುಬ್ರಹ್ಮಣ್ಯದಿಂದ ಸಕಲೇಶಪುರದವರೆಗೆ 50ಕ್ಕೂ ಜಾಸ್ತಿ ಸುರಂಗ, ಎಣಿಸುತ್ತಾ ಬಂದು ನಡುವೆ ತಪ್ಪಿಹೋಯಿತಂತೆ. ನಸುಕಿನಲ್ಲಿ ಎದ್ದು ಆಂಟಿ, ಅಮ್ಮ, ನಾವು ಮೂವರು ಸರದಿಗೆ ನಿಂತೆವು. ಇಬ್ಬರು ಹೆಂಗಸರು ಸಾಲಿನಲ್ಲಿ ನಿಂತಷ್ಟು ಹೊತ್ತೂ ಮಾತಾಡಿದರು. ಅಮ್ಮನ ಕರಾವಳಿ ಕನ್ನಡ, ಆಂಟಿಯ ಹಾಸನದ ಕನ್ನಡ, ನಡುವೆ ನಾವು ಒಂದೂ ಮಾತು ಸೇರಿಸಬೇಕಾಗಲಿಲ್ಲ. ದರ್ಶನ ಮುಗಿಸಿ ಬರುವಾಗ ಅಮ್ಮ ನನ್ನ ಬಗ್ಗೆ ಆಂಟಿಯ ಹತ್ತಿರ ಏನೂ ಹೇಳಿಹೋಗಬೇಕಾಗಿರಲಿಲ್ಲ, ಅವರಿಗೇ ನನಗಿಂತ ಜಾಸ್ತಿ ಗೊತ್ತಿತ್ತು.

ಬೆಂಗಳೂರಿನಿಂದ ನಿಮಗೆ ದೂರವೂ ಆಗುವುದಿಲ್ಲ. 2017ರಿಂದ ಕುಣಿಗಲ್, ಶ್ರವಣಬೆಳಗೊಳದ ಮೇಲೆ ನೇರ ರೈಲು ದಾರಿ ಇದೆ. ಕಾಲೇಜು ಶುರುವಾಗುವ ಮೊದಲೇ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಊರು ತೋರಿಸಿ, ಕೋಣೆ ಅವಳೇ ಆರಿಸಲಿ. ಹಾಸನಾಂಬೆಯ ಸಮಯದಲ್ಲಿ ಮಾತ್ರ ಲಾಡ್ಜ್ ನಂಬಿಕೊಂಡು ಹೋಗಬೇಡಿ, ಒಂದೂ ಸಿಗುವುದಿಲ್ಲ. ನಮ್ಮ ಆಂಟಿ ಮಹಡಿಯನ್ನು ಈಗಲೂ ಹುಡುಗಿಯರಿಗೇ ಕೊಡುತ್ತಾರೆ, ಖಾಲಿ ಇದೆಯಾ ಅಂತ ಈ ವಾರ ಫೋನ್ ಮಾಡಿ ಕೇಳುತ್ತೇನೆ. ಮಗಳು ಮಾಂಸ ತಿನ್ನುತ್ತಾಳಾ ಇಲ್ವಾ ಅಂತ ತಿಳಿಸಿ, ಆಂಟಿ ಮೊದಲು ಕೇಳುವುದು ಅದನ್ನೇ.